ಚೆಲುವಣ್ಣನ ಹೊಗೆ

ನಮ್ಮೂರಿನಲ್ಲಿ ಒಲೆಯ ಹೊಗೆ ಹೋಗುತ್ತದೆ, ಊದುಬತ್ತಿಯ ಹೊಗೆ ಹೋಗುತ್ತದೆ, ಲಾರಿಯವರು ಬಿಡುವ ಕರಿ ಹೊಗೆ ಕೂಡ ಹೇಗೋ ಹೋಗುತ್ತದೆ. ಬಾಯಿಂದ ಬಿಟ್ಟ ಬೀಡಿ ಸಿಗರೇಟಿನ ಹೊಗೆ ಮಾತ್ರ ಹೋಗುವುದಿಲ್ಲ. ಬಿಟ್ಟ ಜಾಗದಲ್ಲೇ, ಬಿಟ್ಟವನ ಬಾಯಿಯ ಮಟ್ಟಕ್ಕೆ ನಿಂತುಬಿಡುತ್ತದೆ. ಗಾಳಿ ಬೀಸಿ ಒಣಹಾಕಿದ ಸೀರೆ ಪಕ್ಕದ ಮನೆಯ ತಾರಸಿ ಸೇರಿದರೂ ಹೊಗೆ ಕದಲುವುದಿಲ್ಲ. ಒಬ್ಬೊಬ್ಬರದು ಆರು ತಿಂಗಳು ಇರುತ್ತದೆ, ಒಬ್ಬೊಬ್ಬರದು ವರ್ಷ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರದು ಅವರು ವರ್ಗವಾಗಿ ಹೋದ ಮೇಲೂ ನಾಲ್ಕು ವರ್ಷ ಗೇಟಿನ ಹತ್ತಿರ ನಿಂತಿತ್ತು. ಹುಡುಗರು ಅದರ ಮುಂದೆ ಹಾಯುವಾಗಲೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಹೊರಗಿನಿಂದ ಬಂದವರು ‘ಇದೇನ್ರೀ ನಿಮ್ಮೂರಲ್ಲಿ ಹೀಗೆ’ ಅಂತ ಕೇಳುತ್ತಾರೆ. ಏನು ಹೇಳುವುದು? ನಿಮ್ಮೂರಿನಲ್ಲಿ ಹೋಗುತ್ತದಲ್ಲ, ಅದು ಯಾಕೆ ಹೋಗುತ್ತದೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ?

ಅಭ್ಯಾಸವಾಗಿಹೋಗಿತ್ತು. ದಾರಿ ಹೇಳುವಾಗ ‘ಎರಡು ದಪ್ಪ ಹೊಗೆ ದಾಟಿದ ಮೇಲೆ ಎಡಕ್ಕೆ ತಿರುಗಿ’ ಅನ್ನುತ್ತಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ‘ತಲೆ ತಗ್ಗಿಸ್ಕೊಂಡ್ ಇಳೀರಿ’ ಎಂದು ಕೂಗುತ್ತಿದ್ದ. ಯಾವ ಹೊಗೆ ಯಾರದು ಅಂತ ಕೈಬರಹ ಗುರುತು ಹಿಡಿಯುವ ಹಾಗೆ ಗುರುತು ಹಿಡಿಯುತ್ತಿದ್ದೆವು. ಗಂಡ ಸಂಜೆ ಯಾರ ಮನೆ ಜಗಲಿಯ ಮೇಲೆ ಕೂತಿದ್ದ, ಎಷ್ಟು ಹೊತ್ತು ಕೂತಿದ್ದ ಅನ್ನುವುದೆಲ್ಲ ಹೆಂಡತಿಗೆ ಮಾರನೇ ದಿನ ಕಾಣುತ್ತಿತ್ತು. ಅದರಿಂದ ಎಷ್ಟು ಮನೆಯಲ್ಲಿ ತಟ್ಟೆ ಲೋಟ ಹಾರಿವೆಯೋ ಲೆಕ್ಕವಿಲ್ಲ.

ನಾನು ದೊರೆಸ್ವಾಮಿ. ಕೋಕಿಲ ಬ್ರಾಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು ಹುಡುಗಿ ಛತ್ರದ ಹೊಸ್ತಿಲು ದಾಟಿದಳೋ, ಬ್ಯಾಂಡಿನವರೆಲ್ಲ ನಿಲ್ಲಿಸಬೇಕು, ಕ್ಲಾರಿನೆಟ್ಟಿನವನು ಒಬ್ಬನೇ ಒಂದು ಸ್ವರ ಹಿಡಿಯಬೇಕು. ಹೊಸ್ತಿಲಿಂದ ಕಾರಿನ ಬಾಗಿಲು ಹಾಕುವವರೆಗೆ ಅದೊಂದೇ ಸ್ವರ, ಒಂದೇ ಉಸಿರು. ಇಪ್ಪತ್ತೈದು ಹೆಜ್ಜೆ ಆಗಬಹುದು. ಹುಡುಗಿ ತಿರುಗಿ ನೋಡಿ ಅಳುತ್ತ ನಿಂತರೆ ಇನ್ನೂ ಹೆಚ್ಚು. ಸ್ವರ ನಡುವೆ ತುಂಡಾದರೆ ಹೆಣ್ಣಿನ ತಾಯಿ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡು ಕೊರಗುತ್ತಾಳೆ. ಇಪ್ಪತ್ತೆರಡು ವರ್ಷ ನನ್ನದು ಒಂದು ಸಲವೂ ತುಂಡಾಗಿರಲಿಲ್ಲ. ಸುತ್ತಲಿನ ಊರಿನವರು ಮದುವೆ ದಿನ ಗೊತ್ತು ಮಾಡುವ ಮುಂಚೆ ‘ದೊರೆ ಬಿಡುವಾಗಿದ್ದಾನಾ’ ಅಂತ ಕೇಳಿಕೊಂಡು ಬರುತ್ತಿದ್ದರು. ಜಂಬ ಇತ್ತು ನನಗೆ, ಯಾಕೆ ಸುಳ್ಳು ಹೇಳಲಿ.

ನನ್ನನ್ನು ಬ್ಯಾಂಡಿಗೆ ಕರೆತಂದವನು ಚೆಲುವರಾಯ. ನನಗಿಂತ ಒಂಬತ್ತು ವರ್ಷ ದೊಡ್ಡವನು, ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ನಾನು ಚೆಲುವಣ್ಣ ಅನ್ನುತ್ತಿದ್ದೆ, ಅವನ ಹೆಂಡತಿ ತಾಯಮ್ಮನನ್ನು ಅತ್ತಿಗೆ ಅನ್ನುತ್ತಿದ್ದೆ. ಒಡಹುಟ್ಟಿದವರಲ್ಲ, ಆದರೂ ಅಣ್ಣ ಅತ್ತಿಗೆಯೇ. ಅತ್ತಿಗೆ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಚೆಲುವಣ್ಣನಿಗೆ ಬೇರೆ ಯಾವ ಚಟವೂ ಇರಲಿಲ್ಲ, ನವಿಲು ಮಾರ್ಕಿನ ಬೀಡಿ ಒಂದು ಬಿಟ್ಟು. ಬ್ಯಾಂಡಿನ ಅಂಗಡಿಯ ಮುಂದೆ ಹೊಂಗೆ ಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಕೂತು, ಬೀಡಿ ಹಚ್ಚಿ, ಎಡಗಡೆ ಬಿದ್ದುಹೋಗಿದ್ದ ಹಲ್ಲಿನ ಸಂದಿಯಿಂದ ಮೆಡಿಕಲ್ ಸ್ಟೋರಿನ ಕಡೆಗೆ ಹೊಗೆ ಬಿಡುತ್ತ, ಕಣ್ಣು ಅರ್ಧ ಮುಚ್ಚಿ, ಲೋಕದಲ್ಲಿ ತನಗೆ ಯಾರ ಹಂಗೂ ಇಲ್ಲ ಅನ್ನುವ ಹಾಗೆ ಇರುತ್ತಿದ್ದ. ಏಳು ವರ್ಷದ ಹಿಂದೆ ಒಂದು ಸೋಮವಾರ ಹಾಗೆ ಕೂತವನು ಬೀಡಿ ಮುಗಿಸಿ, ‘ಎದೆ ಯಾಕೋ ಬಿಗಿ ಹಿಡೀತದೆ ಕಣೋ ದೊರೆ’ ಅಂದು ನನ್ನ ಹೆಗಲ ಮೇಲೆ ಒರಗಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಕಾರ್ಯವೆಲ್ಲ ಆದ ಮೇಲೆ ಅತ್ತಿಗೆ ದಿನವೂ ಬೆಂಚಿಗೆ ಬರತೊಡಗಿದರು. ಅಂಗನವಾಡಿ ಮೂರು ಗಂಟೆಗೆ ಮುಗಿಯುತ್ತದೆ. ಮಕ್ಕಳನ್ನೆಲ್ಲ ಕಳಿಸಿ, ಬೀಗ ಹಾಕಿ, ಮೂರೂವರೆಗೆ ಬಂದು ಚೆಲುವಣ್ಣನ ಹೊಗೆಯ ಪಕ್ಕದಲ್ಲಿ ಕೂರುತ್ತಿದ್ದರು. ಮೆಲ್ಲಗೆ ಏನೋ ಹೇಳುತ್ತಿದ್ದರು. ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತು, ಮೂಲೆಮನೆಯ ಅವಳಿಜವಳಿ ಒಂದನ್ನೊಂದು ಕಚ್ಚಿಕೊಂಡವು, ಇಂಥದ್ದೇ. ಕಾಲು ಗಂಟೆ ಕೂತು, ಸೆರಗು ಕೊಡವಿ, ‘ಬರ್ತೀನಿ ಕಣ್ರೀ’ ಅಂದು ಹೋಗುತ್ತಿದ್ದರು. ಅಂಗಡಿಯ ಒಳಗೆ ಕೂತ ನಾನು ಆಗ ಏನಾದರೂ ಉಜ್ಜುತ್ತ ತಲೆ ತಗ್ಗಿಸಿಕೊಂಡಿರುತ್ತಿದ್ದೆ.

ಹತ್ತು ತಿಂಗಳಿಗೆ ಹೊಗೆ ತೆಳುವಾಗತೊಡಗಿತು. ಅದರ ಆಚೆಯಿಂದ ಮೆಡಿಕಲ್ ಸ್ಟೋರಿನ ಬೋರ್ಡಿನ ಅಕ್ಷರ ಕಾಣಲು ಶುರುವಾಯಿತು. ಒಂದು ದಿನ ಅತ್ತಿಗೆ ಅಂಗಡಿಯ ಬಾಗಿಲಿಗೆ ಬಂದು ನಿಂತರು.

“ದೊರೆ, ನೋಡ್ದಾ? ಇವ್ರು ತೆಳ್ಳಗಾಗ್ತಾ ಅವ್ರೆ,” ಅಂದರು.

“ಇಲ್ಲ ಬಿಡಿ ಅತ್ತಿಗೆ, ಬಿಸಿಲಿಗೆ ಹಂಗೆ ಕಾಣ್ತದೆ,” ಅಂದೆ.

“ಹೌದಾ?” ಅಂದರು ಅವರು. ಹೌದು ಅಂತ ನಾನು ಇನ್ನೊಂದು ಸಲ ಹೇಳಲಿ ಅಂತ ಕಾದರು. ನನಗೆ ಬಾಯಿ ಬರಲಿಲ್ಲ. ಅಷ್ಟು ಜೋರು ಬಾಯಿಯವನಿಗೆ ಬಾಯಿ ಬರಲಿಲ್ಲ ನೋಡಿ.

ಮಾರನೇ ದಿನ ನಸುಕಿನಲ್ಲಿ, ಹಾಲಿನವನು ಕೂಡ ಬರುವ ಮುಂಚೆ, ಒಂದು ಕಟ್ಟು ನವಿಲು ಮಾರ್ಕಿನ ಬೀಡಿ ಹಿಡಿದು ಚೆಲುವಣ್ಣ ಕೂರುತ್ತಿದ್ದ ಜಾಗದಲ್ಲೇ ಕೂತೆ. ನನಗಾಗ ನಲವತ್ತೊಂದು ವರ್ಷ. ಅಲ್ಲಿಯವರೆಗೆ ಬೀಡಿ ಮುಟ್ಟಿದವನಲ್ಲ, ಉಸಿರಿನ ಕಸುಬಿನವನು ಯಾಕೆ ಮುಟ್ಟುತ್ತಾನೆ? ಮೊದಲ ದಮ್ಮಿಗೇ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ಮೂಗಲ್ಲಿ ನೀರು ಬಂತು. ‘ಥೂ, ಇದನ್ನ ಹೆಂಗೆ ಸೇದ್ತಿದ್ಯೋ ಮಾರಾಯ’ ಅಂತ ಸತ್ತವನಿಗೆ ಬೈದೆ. ಆದರೆ ಹೊಗೆ ನಿಂತಿತು. ಚೆಲುವಣ್ಣನ ಹೊಗೆಯೊಳಗೆ ನನ್ನದು ಸೇರಿಕೊಂಡು, ಬೆಂಚಿನ ಮೇಲೆ ಮತ್ತೆ ದಪ್ಪಗಾಯಿತು. ಆವತ್ತು ಮೂರೂವರೆಗೆ ಅತ್ತಿಗೆ ಬಂದು, ಹೊಗೆ ನೋಡಿ, ಬೆಂಚಿನ ಮೇಲೆ ಕೂತು, ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತರು. ಅಂಗಡಿಯೊಳಗೆ ನಾನೂ ಅತ್ತೆ. ಸಂತೋಷವಾಗಿತ್ತು.

ಅಲ್ಲಿಂದ ಶುರುವಾಯಿತು. ಮೊದಮೊದಲು ವಾರಕ್ಕೊಂದು ಬೀಡಿ ಸಾಕಾಗುತ್ತಿತ್ತು. ಆಮೇಲೆ ದಿನಕ್ಕೊಂದು, ಆಮೇಲೆ ದಿನಕ್ಕೆ ಐದು. ಹೊಗೆಗೆ ಅಷ್ಟು ಬೇಕಿರಲಿಲ್ಲ, ನನಗೇ ಬೇಕಾಗಿತ್ತು. ಚಟ ಅನ್ನುವುದು ಯಾವ ಪುಣ್ಯಕಾರ್ಯಕ್ಕೆ ಹಿಡಿದರೂ ಚಟವೇ. ಬೇರೆ ಎಲ್ಲಿಯೂ ಸೇದುವ ಹಾಗಿರಲಿಲ್ಲ; ಸೇದಿದರೆ ನನ್ನ ಹೊಗೆಯ ಗುರುತು ಊರಿಗೆ ಸಿಕ್ಕಿಬಿಡುತ್ತಿತ್ತು. ಅದಕ್ಕೇ ಬೆಳಗಾಗುವ ಮುಂಚೆ ಬೆಂಚಿನ ಮೇಲೆ ಕೂತು ಐದನ್ನೂ ಒಂದರ ಹಿಂದೊಂದು ಮುಗಿಸಿ ಬರುತ್ತಿದ್ದೆ. ನನ್ನ ಹೆಂಡತಿ ರುಕ್ಮಿಣಿಯ ಮೂಗು ಸಾಮಾನ್ಯದ್ದಲ್ಲ. “ನಲವತ್ತು ವರ್ಷ ಇಲ್ದಿರೋ ಚಟ ಈಗ ಯಾವ ಸೌಭಾಗ್ಯಕ್ಕೆ?” ಅನ್ನುತ್ತಿದ್ದಳು. ನಾನು ಹೇಳಲಿಲ್ಲ. ಒಬ್ಬರಿಗೆ ಹೇಳಿದರೂ ಅದು ಚೆಲುವಣ್ಣನ ಹೊಗೆಯಾಗಿ ಉಳಿಯುವುದಿಲ್ಲ ಅನ್ನಿಸಿತ್ತು. ‘ತೃಪ್ತಿಯಿಂದ ಸೇದಿದವನ ಹೊಗೆ ನೋಡಪ್ಪ, ಹಂಗೇ ಅದೆ’ ಅಂತ ಊರಿನವರು ಮಾತಾಡಿಕೊಳ್ಳುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ.

ಬೆಳಿಗ್ಗೆ ಅಂಗನವಾಡಿಗೆ ಹೋಗುವ ಮಕ್ಕಳು ಆ ಬೆಂಚಿನ ಪಕ್ಕದಿಂದಲೇ ಹೋಗಬೇಕು. ಅವರದ್ದೊಂದು ಆಟವಿತ್ತು. ಹೊಗೆಯ ಹತ್ತಿರ ಬಂದ ಕೂಡಲೇ ಮೂಗು ಹಿಡಿದುಕೊಂಡು, ಕೆನ್ನೆ ಉಬ್ಬಿಸಿ, ಒಂದೇ ಓಟದಲ್ಲಿ ದಾಟುವುದು. ಯಾರು ನಡುವೆ ಉಸಿರು ಬಿಟ್ಟರೋ ಅವರು ಔಟು. ನಾನು ಅಂಗಡಿಯ ಬಾಗಿಲು ತೆಗೆಯುತ್ತ ನೋಡಿ ನಗುತ್ತಿದ್ದೆ.

ಹೀಗೆ ಆರು ವರ್ಷ. ಈ ವರ್ಷ ಮಾಘದಲ್ಲಿ ಅತ್ತಿಗೆಯ ತಮ್ಮನ ಮಗಳ ಮದುವೆ. ಹುಡುಗಿ ಹೊಸ್ತಿಲು ದಾಟಿದಳು, ನಾನು ಸ್ವರ ಹಿಡಿದೆ. ಹನ್ನೆರಡನೇ ಹೆಜ್ಜೆಗೆ ಎದೆಯೊಳಗೆ ಏನೋ ಕಚ್ಚಿಕೊಂಡ ಹಾಗಾಗಿ ಕೆಮ್ಮು ಬಂತು. ಸ್ವರ ತುಂಡಾಯಿತು. ಹುಡುಗಿ ಬೆಚ್ಚಿ ನಿಂತು ತಿರುಗಿ ನೋಡಿದಳು. ಛತ್ರದ ಮುಂದಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿದರು. ಮತ್ತೆ ಊದಿದೆ, ಮತ್ತೆ ನಿಂತಿತು. ಕಡೆಗೆ ಡೋಲಿನವನು ಏನೋ ಬಾರಿಸಿ ಮರ್ಯಾದೆ ಉಳಿಸಿದ. “ರೀಡು ಕೈಕೊಡ್ತು, ಹೊಸ ರೀಡು,” ಅಂತ ಕ್ಲಾರಿನೆಟ್ಟಿನಲ್ಲಿ ಬಾಯಿಗಿಡುವ ತೆಳು ಪಟ್ಟಿಯ ಮೇಲೆ ತಪ್ಪು ಹಾಕಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅತ್ತಿಗೆ ಒಂದು ಲೋಟ ಬಿಸಿನೀರು ತಂದುಕೊಟ್ಟರು. “ಕುಡಿ ದೊರೆ,” ಅಂದರು. ನಾನು ಕುಡಿದು ಮುಗಿಸಿದರೂ ಲೋಟ ಇಸಕೊಳ್ಳುವುದನ್ನು ಮರೆತು ನಿಂತೇ ಇದ್ದರು. ಮದುವೆಮನೆಯ ಆಯಾಸ ಅಂದುಕೊಂಡೆ.

ಅದಾಗಿ ಎರಡು ತಿಂಗಳಿಗೆ ಪುರಸಭೆಯವರು ಆಟೋಗೆ ಮೈಕು ಕಟ್ಟಿಕೊಂಡು ಬಂದರು. ಇನ್ನು ಮುಂದೆ ಸಾರ್ವಜನಿಕ ಸ್ಥಳದಲ್ಲಿ ಬೀಡಿ ಸಿಗರೇಟು ಸೇದುವುದು ಅಪರಾಧ, ಸೇದಿದವರಿಗೆ ದಂಡ. ಬಸ್ ಸ್ಟ್ಯಾಂಡು, ಹೋಟೆಲು, ಛತ್ರ, ಶಾಲೆಯ ಸುತ್ತಮುತ್ತ, ಮರದ ಕಟ್ಟೆ, ಕಲ್ಲುಬೆಂಚು, ಎಲ್ಲ ಸೇರಿತು. ಈಗಾಗಲೇ ನಿಂತಿರುವ ಹೊಗೆಯನ್ನು ಮುಂದಿನ ತಿಂಗಳ ಹದಿನೈದರೊಳಗೆ ಹಂತಹಂತವಾಗಿ ತೆರವುಗೊಳಿಸಲಾಗುವುದು. ಸಾರ್ವಜನಿಕರು ಸಹಕರಿಸಬೇಕು. ಮಕ್ಕಳ ಆರೋಗ್ಯದ ಬಗ್ಗೆ ಯಾರೋ ಅರ್ಜಿ ಕೊಟ್ಟಿದ್ದರಂತೆ. ನನಗೆ ಮೈ ಉರಿದುಹೋಯಿತು. “ಯಾವ ಪುಣ್ಯಾತ್ಮ ಕೊಟ್ಟನೋ ಅರ್ಜಿ, ಅವನ ಕೈಗೆ ಲಕ್ವ ಹೊಡೆಯ,” ಅಂತ ಊಟಕ್ಕೆ ಕೂತು ಶಪಿಸಿದೆ. ಬಡಿಸುತ್ತಿದ್ದ ರುಕ್ಮಿಣಿ ಸೌಟು ಪಾತ್ರೆಗೆ ಕುಕ್ಕಿ, “ಊಟದ ಹೊತ್ತಲ್ಲಿ ಅಂಥ ಮಾತು ಆಡ್ಬೇಡಿ,” ಅಂದಳು.

ಕಾನೂನು ಬಂದ ಮೇಲೆ ಊರು ಏನೇನೋ ಆಯಿತು. ಪೌರಕಾರ್ಮಿಕರ ಲಕ್ಕಮ್ಮ ಮತ್ತು ಅವಳ ಜೊತೆಯವಳು ಒಂದು ಒದ್ದೆ ಕಂಬಳಿಯನ್ನು ನಾಲ್ಕು ಮೂಲೆ ಹಿಡಿದು ಹೊಗೆಯೊಳಗೆ ಮೆಲ್ಲಗೆ ನಡೆದುಹೋಗಿ, ಸುತ್ತಿ, ನೀರಿನ ಹಂಡೆಗೆ ಅದ್ದಿ ತೆಗೆಯುತ್ತಿದ್ದರು. ಹಂಡೆಯ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತಿತ್ತು. ಭಟ್ಟರ ಹೋಟೆಲಿನ ಗೋಡೆ ಗುಲಾಬಿ ಬಣ್ಣದ್ದು ಅಂತ ಆಗಲೇ ನಮಗೆ ಗೊತ್ತಾದದ್ದು. ಅಲ್ಲಿ ಒಂದು ಗಡಿಯಾರವೂ ಇತ್ತು. ಭಟ್ಟರೇ ಅದನ್ನು ನೋಡಿ, “ಅರೆ, ಇದು ನಮ್ಮಪ್ಪ ಹಾಕಿಸಿದ್ದು!” ಅಂದರು. ಪೋಸ್ಟ್‌ಮ್ಯಾನ್ ಒಂದು ವಾರ ದಾರಿ ತಪ್ಪಿ, ಯಾರದೋ ಕಾಗದ ಯಾರಿಗೋ ಕೊಟ್ಟ. ಚಟ ಬಿಡಲಾಗದವರು ಊರ ಹೊರಗಿನ ಮೈಲಿಗಲ್ಲಿನ ಆಚೆ ನಿಂತು ಸೇದಲು ಹೋದರು. ಅಲ್ಲಿ ಎಲ್ಲ ಊರಿನ ಹಾಗೆ ಹೊಗೆ ಹೋಗಿಬಿಡುತ್ತದೆ. “ಏನೋ ಮಾರಾಯ, ಸೇದಿದಂಗೇ ಆಗಲ್ಲ,” ಅಂತ ಪೆಚ್ಚು ಮೋರೆ ಹಾಕಿಕೊಂಡು ವಾಪಸು ಬಂದರು. ಕೆಲವರು ಮನೆಯೊಳಗೆ ಸೇದಿದರು. ಹೆಂಡಿರು ಬಾಗಿಲಿನಿಂದ ಆಚೆ ದಬ್ಬಿದರು. ಬೀಡಿ ಅಂಗಡಿಯವನು ಬೀಡಿಯ ಡಬ್ಬಿಯಲ್ಲಿ ಕಡಲೆಮಿಠಾಯಿ ತುಂಬಿಸಿಟ್ಟ. ಆ ಮಿಠಾಯಿಯಿಂದ ಕೂಡ ಮೂರು ತಿಂಗಳು ಬೀಡಿಯ ವಾಸನೆಯೇ ಬರುತ್ತಿತ್ತು.

ನಾನೂ ಬಿಟ್ಟೆ. ಬಿಡದೆ ಏನು ಮಾಡಲಿ? ನಸುಕಿನಲ್ಲೇ ಪುರಸಭೆಯ ಜವಾನ ಸೀಟಿ ಹಿಡಿದು ತಿರುಗುತ್ತಿದ್ದ. ಮೊದಲ ವಾರ ಕಂಡಕಂಡವರ ಮೇಲೆ ಹಾರಾಡಿದೆ. ಅದಕ್ಕಿಂತ ಹೆಚ್ಚು ನನ್ನನ್ನು ತಿಂದದ್ದು ಬೆಂಚು. ಪುರಸಭೆಯ ಪಟ್ಟಿಯಲ್ಲಿ ಅದಕ್ಕೆ ಹದಿನೇಳನೇ ನಂಬರು, ದಿನ ಹನ್ನೊಂದನೇ ತಾರೀಖು. ಅವತ್ತು ಲಕ್ಕಮ್ಮ ಕಂಬಳಿ ಹಿಡಿದು ಬರುತ್ತಾಳೆ, ಚೆಲುವಣ್ಣ ಹಂಡೆಯ ನೀರಾಗುತ್ತಾನೆ, ಮೂರೂವರೆಗೆ ಅತ್ತಿಗೆ ಬಂದು ಖಾಲಿ ಬೆಂಚು ನೋಡುತ್ತಾರೆ. ಅತ್ತಿಗೆ ಮಾತ್ರ ಎಂದಿನ ಹಾಗೆ ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು. ಅವರಿಗೆ ತಾರೀಖು ಗೊತ್ತಿಲ್ಲವೇನೋ ಅಂದುಕೊಂಡೆ.

ಹತ್ತನೇ ತಾರೀಖು ಒಗೆದ ಅಂಗಿ ಹಾಕಿಕೊಂಡು ಪುರಸಭೆಗೆ ಹೋದೆ. ಮುಖ್ಯಾಧಿಕಾರಿ ಮೇಡಂ ಚಿಕ್ಕ ವಯಸ್ಸಿನವರು, ಕೂರಿ ಅಂದರು. ಕೂರಲಿಲ್ಲ, ನಿಂತೇ ಹೇಳಿದೆ.

“ಮೇಡಂ, ಊರೆಲ್ಲ ತೆಗೀರಿ, ಬೇಡ ಅನ್ನಲ್ಲ. ಹದಿನೇಳನೇ ನಂಬರೊಂದು ಬಿಡಿ. ಅದು ತೀರಿಹೋದ ಮನುಷ್ಯನ ಹೊಗೆ. ಅವರ ಮನೆಯವರು ದಿನಾ ಬಂದು ಕೂತ್ಕೋತಾರೆ. ಅವರಿಗೆ ಇರೋದೇ ಅಷ್ಟು.”

ಮೇಡಂ ಪಟ್ಟಿ ತೆರೆದು ಹದಿನೇಳರ ಮೇಲೆ ಬೆರಳಿಟ್ಟರು. “ನನಗೂ ಕಷ್ಟ ಆಗುತ್ತೆ ದೊರೆಸ್ವಾಮಿಯವರೇ,” ಅಂದರು. “ಆದರೆ ಈ ಅರ್ಜಿಯಲ್ಲಿ ಮೊದಲು ಹೆಸರಿಸಿರೋದೇ ಆ ಬೆಂಚು. ಅರ್ಜಿ ಕೊಟ್ಟವರು ಬೇಡ ಅಂತ ಬರೆದುಕೊಟ್ಟರೆ ನಾನು ಒಂದು ಮಾತು ಸಭೆಯಲ್ಲಿಡಬಹುದು.”

“ಯಾರವನು? ಹೆಸರು ಹೇಳಿ, ಈಗ್ಲೇ ಹೋಗಿ ಕಾಲಿಗೆ ಬೀಳ್ತೀನಿ,” ಅಂದೆ. ಬೀಳುತ್ತಿದ್ದೆನೋ ಕಪಾಳಕ್ಕೆ ಬಿಡುತ್ತಿದ್ದೆನೋ, ದೇವರಿಗೇ ಗೊತ್ತು.

ಅವರು ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ದುಂಡನೆಯ ಅಕ್ಷರ, ಅ ಆ ಇ ಈ ಅಂತ ಅಂಗನವಾಡಿಯ ಗೋಡೆಯ ಮೇಲೆ ಬರೆದಿದೆಯಲ್ಲ, ಅದೇ ಅಕ್ಷರ. ‘ನಮ್ಮ ಅಂಗನವಾಡಿಯ ಮಕ್ಕಳ ಎತ್ತರ ನಾನೇ ಅಳೆದಿದ್ದೇನೆ. ಐದು ವರ್ಷದ ಮಗುವಿನ ಮೂಗು ನೆಲದಿಂದ ಮೂರಡಿ ಚಿಲ್ಲರೆ. ಬೆಂಚಿನ ಮೇಲೆ ಕೂತ ಗಂಡಸಿನ ಬಾಯಿ ನೆಲದಿಂದ ಹೆಚ್ಚುಕಡಿಮೆ ಅಷ್ಟೇ. ಕೂತು ಸೇದಿದ ಹೊಗೆಯೆಲ್ಲ ಮಕ್ಕಳ ಮೂಗಿನ ಮಟ್ಟಕ್ಕೆ ನಿಲ್ಲುತ್ತದೆ. ಹೊಂಗೆ ಮರದ ಬೆಂಚಿನ ಹತ್ತಿರ ಮಕ್ಕಳು ಮೂಗು ಹಿಡಿದು ಓಡುತ್ತಾರೆ. ದೊಡ್ಡವರು ಅದನ್ನು ಆಟ ಎಂದುಕೊಂಡಿದ್ದಾರೆ.’ ಕೆಳಗೆ ಸಹಿ. ತಾಯಮ್ಮ. ಅದರ ಕೆಳಗೆ ಎರಡನೇ ಸಹಿ, ಕೊಂಬನ್ನು ಉದ್ದಕ್ಕೆ ಎಳೆದು ಬರೆದದ್ದು. ಅದು ನಾನು ದಿನವೂ ಅನ್ನ ಹಾಕಿಸಿಕೊಂಡು ತಿನ್ನುವ ಕೈಯದು. ರುಕ್ಮಿಣಿ.

ಹೇಗೆ ಮೆಟ್ಟಿಲಿಳಿದೆನೋ ನೆನಪಿಲ್ಲ. ಮೂರೂವರೆ ಆಗಿತ್ತು. ಅತ್ತಿಗೆ ಬೆಂಚಿನ ಮೇಲೆ ಕೂತಿದ್ದರು. ಒಂದು ತಿಂಗಳಿಂದ ಯಾರೂ ತುಂಬದೆ ಹೊಗೆಯ ಅಂಚು ತೆಳುವಾಗಿ, ಆಚೆಯ ಟೈಲರ್ ಅಂಗಡಿಯಲ್ಲಿ ತೂಗುಹಾಕಿದ್ದ ಲಂಗ ಅದರೊಳಗಿಂದ ಕಾಣುತ್ತಿತ್ತು.

“ಅತ್ತಿಗೆ, ಆ ಅರ್ಜಿ ನೀವು ಕೊಟ್ಟಿದ್ದಾ?” ಅಂದೆ.

“ಹೂಂ,” ಅಂದರು. “ಕೂತ್ಕೋ.”

“ಯಾಕತ್ತಿಗೆ? ಅಣ್ಣನ ಹೊಗೆ... ನೀವೇ... ನಿಮಗೆ ಗೊತ್ತಾಗ್ಲಿಲ್ವಾ, ಇದೂ ಹೋಗ್ತದೆ ಅಂತ?”

“ಇದು ನಿಮ್ಮಣ್ಣನದು ಅಂತ ಯಾರು ಹೇಳಿದ್ದು?”

ಅವರು ಕೈ ಎತ್ತಿ ಹೊಗೆ ತೋರಿಸಿದರು.

“ಅವರಿಗೆ ಹಲ್ಲು ಬಿದ್ದಿತ್ತಲ್ಲ, ಯಾವಾಗ್ಲೂ ಎಡಕ್ಕೆ ಬಿಡೋರು. ಮೆಡಿಕಲ್ ಸ್ಟೋರ್ ಕಡೆ. ಇದು ನೋಡು, ಬಲಕ್ಕೆ ವಾಲಿದೆ, ಟೈಲರ್ ಅಂಗಡಿ ಕಡೆ. ಸ್ವರ ಮುಗಿದ ಮೇಲೆ ಮಿಕ್ಕಿದ ಉಸಿರನ್ನ ತುಟಿಯ ಬಲಗಡೆಯಿಂದ ಉಫ್ ಅಂತ ಬಿಡ್ತೀಯಲ್ಲ ನೀನು, ಹಂಗೇ ಬೀಡೀನೂ ಬಿಟ್ಟಿದ್ದೀಯ. ಹದಿನೈದು ವರ್ಷ ಮದುವೆಮನೇಲಿ ನಿನ್ನ ನೋಡಿಲ್ವಾ ನಾನು?”

ಆರು ವರ್ಷ. ನವಿಲು ಮಾರ್ಕು ಹುಡುಕಿ ತಂದೆ, ಅದೇ ಜಾಗ, ಅದೇ ಎತ್ತರ. ಯಾವ ಕಡೆಗೆ ಊದುತ್ತಿದ್ದೇನೆ ಅಂತ ಒಂದು ದಿನವೂ ನೋಡಿಕೊಳ್ಳಲಿಲ್ಲ. ನನ್ನಂಥ ಪೆದ್ದ ಇನ್ನೊಬ್ಬ ಇರಲಿಕ್ಕಿಲ್ಲ.

“ಯಾವಾಗ ಗೊತ್ತಾಯ್ತು?” ಅಂದೆ.

“ಮೊದಲನೇ ದಿನವೇ. ಅವತ್ತು ಅತ್ತಿದ್ದು ಅದಕ್ಕೇ.” ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನಿಮ್ಮಣ್ಣ ಹೋದ್ರು ಅಂತ ಅವತ್ತು ನನಗೆ ಖಾತ್ರಿ ಆಯ್ತು ದೊರೆ. ಆದ್ರೆ ನನಗೋಸ್ಕರ ಒಬ್ಬ ಕೋಳಿ ಕೂಗೋ ಮುಂಚೆ ಎದ್ದು ಬಂದು ಕೂತು ಹೋಗಿದ್ದಾನೆ ಅಂತಾನೂ ಗೊತ್ತಾಯ್ತು. ದಿನಾ ಬಂದು ಅದನ್ನ ನೋಡ್ಕೊಂಡು ಹೋಗೋದು. ಅಷ್ಟರಲ್ಲೇ ನನ್ನ ದಿನ ಹೋಗ್ತಿತ್ತು.”

“ಮತ್ತೆ ಮಾತಾಡ್ತಿದ್ರಲ್ಲ?”

“ಒಂದು ವರ್ಷದ ಮೇಲೆ ಎಲ್ಲಾ ನಿನಗೇ ಹೇಳ್ತಿದ್ದದ್ದು. ಅಂಗಡಿಯೊಳಗೆ ಕೂತು ಕ್ಲಾರಿನೆಟ್ ಉಜ್ಜಿ ಉಜ್ಜಿ ಸವೆಸ್ತಿದ್ದೆ ನೀನು.” ನಕ್ಕರು. ನಗು ಬೇಗ ಹೋಯಿತು. “ತಪ್ಪು ನಂದೇ. ಅವತ್ತೇ ಬೇಡ ಕಣಪ್ಪಾ, ಸಾಕು ಬಿಡು ಅನ್ಬೇಕಿತ್ತು. ಅನ್ಲಿಲ್ಲ. ಆಸೆ. ಇವತ್ತೊಂದು ದಿನ ಇರ್ಲಿ, ನಾಳೆ ಹೇಳೋಣ ಅಂತ ಆರು ವರ್ಷ ನಿನ್ನ ಎದೆ ಸುಟ್ಟೆ. ಮಕ್ಕಳು ಮೂಗು ಹಿಡ್ಕೊಂಡು ಓಡೋದೂ ಕಾಣ್ತಿತ್ತು, ಅದನ್ನೂ ಕಂಡೂ ಕಾಣದಂಗಿದ್ದೆ. ನಮ್ಮ ಹುಡುಗಿ ಮದುವೇಲಿ ಸ್ವರ ತುಂಡಾಯ್ತಲ್ಲ, ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ನಿಮ್ಮನೆಗೆ ಬಂದು ರುಕ್ಮಿಣಿಗೆ ಎಲ್ಲಾ ಹೇಳ್ದೆ. ಇಬ್ರೂ ಅತ್ವಿ. ಆಮೇಲೆ ಕೂತು ಬರೆದ್ವಿ.”

“ನನಗೇ ಹೇಳ್ಬಹುದಿತ್ತಲ್ಲ ಅತ್ತಿಗೆ.”

“ಹೆಂಗೆ ಹೇಳ್ಲಿ? ಗೊತ್ತು ಅಂದಿದ್ರೆ ನೀನು ಆರು ವರ್ಷ ಮಾಡಿದ್ದು ಏನೂ ಇಲ್ದಂಗೆ ಆಗ್ತಿತ್ತು. ನಿನ್ನ ಮುಖ ನೋಡಿ ಹೇಳೋ ಧೈರ್ಯ ನನಗಿರ್ಲಿಲ್ಲ. ಅದಕ್ಕೇ ಪುರಸಭೆ ಕೈಲಿ ಹೇಳಿಸ್ದೆ.”

ಮನಸ್ಸಿನಲ್ಲಿ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅರ್ಜಿ ಬರೆದ ಕೈಗೆ ಲಕ್ವ ಹೊಡೆಯಲಿ ಅಂದಿದ್ದು ನೆನಪಾಗಿ, ಅತ್ತಿಗೆಯ ಆ ಕೈಯನ್ನೇ ಹಿಡಿದುಕೊಂಡು ಹಣೆಗೆ ಒತ್ತಿಕೊಂಡೆ. ಟೈಲರ್ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ, ನೋಡಿಕೊಳ್ಳಲಿ ಅಂತ ಬಿಟ್ಟೆ. ಸಂಜೆ ಮನೆಗೆ ಹೋಗಿ ರುಕ್ಮಿಣಿಯನ್ನು ಕೇಳಿದೆ, “ಏನಿತ್ತು ಅಂತ ಓದಿ ನೋಡ್ದೇ ಸಹಿ ಹಾಕಿದ್ಯಾ?”

“ಎರಡು ಸಲ ಓದಿ ಹಾಕ್ದೆ,” ಅಂದಳು. ಆಮೇಲೆ, “ಹೋಗಿ ಮುಖ ತೊಳ್ಕೊಂಡ್ ಬನ್ನಿ, ರೊಟ್ಟಿ ಆರ್ತದೆ,” ಅಂದಳು. ಅವಳ ಕಣ್ಣೂ ಕೆಂಪಾಗಿತ್ತು. ಒಲೆಯ ಹೊಗೆ ಅಂದಳು. ನಮ್ಮ ಮನೆಗೆ ಗ್ಯಾಸ್ ಬಂದು ಹತ್ತು ವರ್ಷವಾಗಿತ್ತು.

ಹನ್ನೊಂದರ ಬೆಳಿಗ್ಗೆ ಲಕ್ಕಮ್ಮ ಬಂದಳು. ಅತ್ತಿಗೆ ಅಂಗನವಾಡಿಗೆ ಹೋಗುವ ಮುಂಚೆ ಬಂದು ನಿಂತಿದ್ದರು, ನಾನೂ ನಿಂತಿದ್ದೆ. ಲಕ್ಕಮ್ಮ ಕಂಬಳಿ ಹಿಡಿದು ನಮ್ಮಿಬ್ಬರ ಮುಖ ನೋಡಿದಳು. “ತೆಗೀಲಾ ತಾಯಕ್ಕಾ?” ಅಂದಳು. ಆ ಕೆಲಸದಲ್ಲಿ ಅವಳು ಯಾರ ಮನೆಯವರನ್ನೂ ಕೇಳದೆ ಕಂಬಳಿ ಹಾಕಿದವಳಲ್ಲ. ಅತ್ತಿಗೆ ನನ್ನ ಕಡೆ ತಿರುಗಿ, “ಕೇಳ್ತಾ ಅವ್ಳೆ, ಹೇಳು. ಹೊಗೆ ನಿಂದಲ್ವಾ?” ಅಂದರು.

“ತೆಗಿ ಲಕ್ಕಮ್ಮಾ,” ಅಂದೆ.

ಕಂಬಳಿ ಒಂದೇ ಸುತ್ತಿಗೆ ಬಂತು. ಹಂಡೆಯ ನೀರನ್ನು ಚರಂಡಿಗೆ ಚೆಲ್ಲಬೇಡ ಅಂತ ಅತ್ತಿಗೆ ಹೇಳಿದರು. ಲಕ್ಕಮ್ಮ ಅದನ್ನು ಹೊಂಗೆ ಮರದ ಬುಡಕ್ಕೆ ಹುಯ್ದಳು. ಅಷ್ಟರಲ್ಲಿ ಮಕ್ಕಳು ಬಂದವು. ಬೆಂಚಿನ ಹತ್ತಿರ ಬಂದ ಕೂಡಲೇ ಅಭ್ಯಾಸಬಲದಿಂದ ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ಓಡಿಹೋದವು. ಒಂದು ಹುಡುಗಿ ಮಾತ್ರ ನಡುವೆ ನಿಂತು, ಮೇಲೆ ಕೆಳಗೆ ನೋಡಿ, ಮೂಗು ಬಿಟ್ಟು, “ಇಲ್ಲಿ ಏನೂ ಇಲ್ಲ!” ಅಂತ ಕೂಗಿಕೊಂಡಳು. “ಏನೂ ಇಲ್ಲ ಕಣೇ, ಬಾ,” ಅಂತ ಅತ್ತಿಗೆ ಅವಳ ಕೈ ಹಿಡಿದುಕೊಂಡು ಹೋದರು. ನಾನು ಖಾಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಚೆಲುವಣ್ಣ ಸತ್ತು ಏಳು ವರ್ಷವಾದ ಮೇಲೆ ಅವತ್ತು ಅವನಿಗಾಗಿ ಅತ್ತೆ, ಬಾಯಿಬಿಟ್ಟು ಅತ್ತೆ.

ಅತ್ತಿಗೆ ಈಗಲೂ ಮೂರೂವರೆಗೆ ಬರುತ್ತಾರೆ. ನಾನು ಅಂಗಡಿಯಿಂದ ಆಚೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತೇನೆ. ಆ ಅವಳಿಜವಳಿ ದೊಡ್ಡ ಶಾಲೆ ಸೇರಿದ ಮೇಲೆ ಕಚ್ಚಿಕೊಳ್ಳುವುದಿಲ್ಲವಂತೆ, ಉಗುಳಿಕೊಳ್ಳುತ್ತವಂತೆ. ನಾನು ಅಂಗಡಿಯ ಬಾಗಿಲು ಮುಚ್ಚಿ ದಿನವೂ ಉಸಿರು ಹಿಡಿದು ಅಭ್ಯಾಸ ಮಾಡಿದೆ. ಹತ್ತು ಹೆಜ್ಜೆ, ಹದಿನಾಲ್ಕು ಹೆಜ್ಜೆ. ಶ್ರಾವಣದಲ್ಲಿ ಹದಿನೆಂಟು. ಬಿಡು, ವಯಸ್ಸಾಯಿತು ಅಂತ ಅಂದುಕೊಂಡದ್ದೂ ಇದೆ.

ಕಾರ್ತಿಕದಲ್ಲಿ ಒಂದು ಮದುವೆಗೆ ಹೋದೆವು. ಹೆಣ್ಣಿನ ಕಡೆಯವರು ಲಕ್ಕಮ್ಮನವರು, ಅವಳ ಕಿರಿ ಮಗಳ ಮದುವೆ. ಕಾನೂನು ಬಂದ ಮೇಲೆ ಛತ್ರದೊಳಗೆ ಎಷ್ಟು ಬೆಳಕು ಅಂತೀರಿ, ಮೂಲೆಯಲ್ಲಿ ಕೂತವರ ಮುಖವೂ ಕಾಣುತ್ತಿತ್ತು. ಹುಡುಗಿ ಹೊಸ್ತಿಲು ದಾಟಿದಳು. ಬ್ಯಾಂಡು ನಿಂತಿತು. ನಾನು ಸ್ವರ ಹಿಡಿದೆ. ಲಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಹನ್ನೆರಡನೇ ಹೆಜ್ಜೆ ದಾಟಿತು. ಹದಿನೆಂಟಕ್ಕೆ ಹುಡುಗಿ ತಿರುಗಿ ಅವ್ವಾ ಅಂದು ನಿಂತಳು. ನನ್ನ ಎದೆ ಉರಿಯತೊಡಗಿತು, ಕಿವಿಯೊಳಗೆ ಜೀರುಂಡೆ ಕೂಗಿತು. ಯಾರೋ ಅವಳ ಬೆನ್ನು ಸವರಿ ಮುಂದೆ ನಡೆಸಿದರು. ಇಪ್ಪತ್ತು, ಇಪ್ಪತ್ತಮೂರು. ಕಾರಿನ ಬಾಗಿಲು ತೆಗೆದರು, ಕೂತಳು, ಸೀರೆಯ ಅಂಚು ಒಳಗೆಳೆದುಕೊಂಡಳು, ಬಾಗಿಲು ಹಾಕಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳಗೆ ಇನ್ನೂ ಒಂದಿಷ್ಟು ಉಸಿರು ಉಳಿದಿತ್ತು. ಮೆಟ್ಟಿಲಿನ ಮೇಲೆ ರುಕ್ಮಿಣಿಯ ಪಕ್ಕದಲ್ಲಿ ಅತ್ತಿಗೆ ನಿಂತಿದ್ದರು. ಉಳಿದದ್ದನ್ನು ತುಟಿಯ ಬಲಗಡೆಯಿಂದ ಉಫ್ ಅಂತ ಬಿಟ್ಟುಬಿಡದೆ, ಅವರ ಕಡೆ ತಿರುಗಿ, ಅದು ಮುಗಿಯುವವರೆಗೂ ಅದೇ ಸ್ವರದಲ್ಲಿ ಊದಿದೆ.